ವಿಮಾನ ನಿಲ್ದಾಣದಲ್ಲಿ ನಮ್ಮ ಹಿರಿಯರಿಗೆ ದಾರಿ ತೋರುವವರು ಬೇಕು: ನಾಗರಿಕ ವಿಮಾನಯಾನ ಸಚಿವರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಕೇಂದ್ರ ನಾಗರಿಕ ವಿಮಾನಯಾನ ಸಚಿವರು,
ಭಾರತ ಸರ್ಕಾರ, ನವದೆಹಲಿ.

ಪ್ರತಿ: ಮಾನ್ಯ ಮುಖ್ಯಮಂತ್ರಿಗಳು, ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಬೆಂಗಳೂರಿನ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಮೂಲಕ ಮೊದಲ ಬಾರಿ ವಿದೇಶಕ್ಕೆ ಹೊರಡುವ ಹಿರಿಯರಿಗೆ ಕನ್ನಡದಲ್ಲಿ ಉಚಿತ ನೆರವು ಒದಗಿಸುವ ಬಗ್ಗೆ.

ಮಾನ್ಯರೇ,

ಮಗಳ ಬಾಣಂತನಕ್ಕೆ, ಮೊಮ್ಮಗುವಿನ ನಾಮಕರಣಕ್ಕೆ, ಮಗ ಕೊಂಡ ಹೊಸ ಮನೆಯ ಗೃಹಪ್ರವೇಶಕ್ಕೆ ಎಂದು ನಮ್ಮ ಊರುಗಳ ತಂದೆತಾಯಂದಿರು ಈಗ ಅಮೆರಿಕ, ಇಂಗ್ಲೆಂಡ್, ಜರ್ಮನಿ, ಆಸ್ಟ್ರೇಲಿಯಾಗಳಿಗೆ ಹೋಗಿಬರುತ್ತಿದ್ದಾರೆ. ತಿಪಟೂರು, ಅರಸೀಕೆರೆ, ಸಾಗರ, ಶಿರಸಿಯಂಥ ಊರುಗಳ ಬೀದಿಗಳಲ್ಲಿ ಇದು ಈಗ ಅಪರೂಪದ ಸಂಗತಿಯಲ್ಲ. ಇವರಲ್ಲಿ ಅನೇಕರು ಅರವತ್ತು ದಾಟಿದವರು. ವಿಮಾನವನ್ನು ಆಕಾಶದಲ್ಲಿ ಕಂಡವರೇ ಹೊರತು ಹತ್ತಿದವರಲ್ಲ. ಕನ್ನಡ ಬಿಟ್ಟರೆ ಬೇರೆ ಭಾಷೆಯಲ್ಲಿ ವ್ಯವಹರಿಸುವ ಪ್ರಸಂಗ ಅವರ ಬದುಕಿನಲ್ಲಿ ಬಂದೇ ಇರುವುದಿಲ್ಲ. ಅವರ ಪರವಾಗಿ ಈ ಪತ್ರ ಬರೆಯುತ್ತಿದ್ದೇನೆ.

ಕೆಂಪೇಗೌಡರ ಹೆಸರಿನ ಈ ನಿಲ್ದಾಣದ ಬಗ್ಗೆ ನನಗೆ ಹೆಮ್ಮೆಯಿದೆ. 2008ರ ಮೇ ತಿಂಗಳಿನಲ್ಲಿ ನಗರದ ಹಳೆಯ ಎಚ್‌ಎಎಲ್ ನಿಲ್ದಾಣದಿಂದ ಪ್ರಯಾಣಿಕ ವಿಮಾನಗಳು ದೇವನಹಳ್ಳಿಗೆ ಬಂದಾಗ ಇದ್ದದ್ದು ಒಂದು ರನ್‌ವೇ, ಒಂದು ಟರ್ಮಿನಲ್. ಇವತ್ತು ಎರಡೂ ಎರಡೆರಡು ಇವೆ. 2024-25ರಲ್ಲಿ ನಾಲ್ಕು ಕೋಟಿಗೂ ಹೆಚ್ಚು ಜನ ಇಲ್ಲಿಂದ ಓಡಾಡಿದ್ದಾರೆ. 2022ರ ನವೆಂಬರ್ 11ರಂದು ಪ್ರಧಾನಿಯವರು ಉದ್ಘಾಟಿಸಿದ ಎರಡನೇ ಟರ್ಮಿನಲ್‌ನ ಮೊದಲ ಹಂತವೇ ಎರಡೂವರೆ ಲಕ್ಷ ಚದರ ಮೀಟರ್‌ಗೂ ದೊಡ್ಡದು. ಬಿದಿರಿನ ಚಾವಣಿ, ತೂಗುಬಿಟ್ಟ ಗಿಡಗಳು, ಒಳಗೇ ನೀರಿನ ಸದ್ದು. ವಾಸ್ತುಶಿಲ್ಪಕ್ಕೆ ಕೊಡುವ ಅಂತರರಾಷ್ಟ್ರೀಯ ಪ್ರಿ ವರ್ಸಾಯ್ ಪ್ರಶಸ್ತಿಯಲ್ಲಿ 2023ರಲ್ಲಿ ಇದರ ಒಳಾಂಗಣಕ್ಕೆ ವಿಶೇಷ ಮನ್ನಣೆ ಸಿಕ್ಕಿತು. ಅದೇ ವರ್ಷದ ಸೆಪ್ಟೆಂಬರ್‌ನಿಂದ ವಿದೇಶಕ್ಕೆ ಹೋಗುವವರು ಈ ಟರ್ಮಿನಲ್ಲಿನ ಮೂಲಕವೇ ಹೋಗುತ್ತಿದ್ದಾರೆ. ಕಟ್ಟಡದ ವಿಚಾರದಲ್ಲಿ ನನ್ನ ತಕರಾರಿಲ್ಲ. ಅದರೊಳಗೆ ಒಬ್ಬಂಟಿಯಾಗಿ ಕಾಲಿಡುವ ಅರವತ್ತೆಂಟು ವರ್ಷದ ಹೆಣ್ಣುಮಗಳಿಗೆ ಮುಂದೇನು ಎಂದು ಹೇಳುವವರು ಯಾರು ಎಂಬುದೇ ನನ್ನ ಪ್ರಶ್ನೆ.

ಬಾಗಿಲಲ್ಲಿ ಭದ್ರತಾ ಸಿಬ್ಬಂದಿ ಟಿಕೆಟ್ಟು, ಪಾಸ್‌ಪೋರ್ಟು ನೋಡಿ ಒಳಗೆ ಬಿಡುತ್ತಾರೆ. ಟಿಕೆಟ್ ಇಲ್ಲದ ಮನೆಯವರು ಅಲ್ಲೇ ನಿಲ್ಲಬೇಕು. ಆಮೇಲೆ ಆಕೆ ತನ್ನ ವಿಮಾನದ ಕೌಂಟರ್ ಯಾವ ಸಾಲಿನಲ್ಲಿದೆ ಎಂದು ಹುಡುಕಬೇಕು. ತೂಕ ಹೆಚ್ಚಾದರೆ ಪೆಟ್ಟಿಗೆಯಿಂದ ಏನು ತೆಗೆಯಬೇಕೆಂದು ತಾನೇ ತೀರ್ಮಾನಿಸಬೇಕು. ವಲಸೆ ಅಧಿಕಾರಿ ಎಲ್ಲಿಗೆ, ಯಾಕೆ, ಎಷ್ಟು ದಿನ ಎಂದು ಕೇಳುತ್ತಾರೆ. ಭದ್ರತಾ ತಪಾಸಣೆಯಲ್ಲಿ ಯಾವುದನ್ನು ಟ್ರೇಗೆ ಹಾಕಬೇಕು, ಯಾವುದನ್ನು ಬ್ಯಾಗಿನಲ್ಲೇ ಬಿಡಬೇಕು ಎಂಬುದು ಗೊತ್ತಿರಬೇಕು. ಅದೆಲ್ಲ ಮುಗಿದ ಮೇಲೆ ಗೇಟು ಹುಡುಕಿಕೊಂಡು ನಡೆಯಬೇಕು. ಕೊನೆಯ ಗಳಿಗೆಯಲ್ಲಿ ಗೇಟು ಬದಲಾಯಿತೆಂದರೆ ಆ ಸುದ್ದಿ ಪರದೆಯ ಮೇಲೆ ಮೂಡಿ ಮಾಯವಾಗುತ್ತದೆ. ಪಶ್ಚಿಮದ ಕಡೆಗೆ ಹೋಗುವ ಬಹಳಷ್ಟು ವಿಮಾನಗಳು ಹೊರಡುವುದು ನಡುರಾತ್ರಿಯ ನಂತರ. ದಿನವೂ ಒಂಬತ್ತು ಗಂಟೆಗೆ ಮಲಗಿ ಅಭ್ಯಾಸವಾದ ಜೀವ ಅದು. ಇದರಲ್ಲಿ ಒಂದೊಂದೂ ಸಣ್ಣ ಕೆಲಸವೇ. ಗೊತ್ತಿದ್ದವರು ಮೊಬೈಲ್ ನೋಡುತ್ತಲೇ ಮುಗಿಸುತ್ತಾರೆ. ಗೊತ್ತಿಲ್ಲದವರಿಗೆ ಪ್ರತಿ ಹಂತದಲ್ಲೂ ಎದೆ ಹೊಡೆದುಕೊಳ್ಳುತ್ತದೆ.

ಇದಕ್ಕೆ ವಿದೇಶದಲ್ಲಿರುವ ಮಕ್ಕಳು ಕಂಡುಕೊಂಡ ಉಪಾಯ ತಮ್ಮ ಇಲಾಖೆಗೂ ಗೊತ್ತಿರಲೇಬೇಕು. ಟಿಕೆಟ್ ಮಾಡುವಾಗ ಅಪ್ಪ ಅಮ್ಮನ ಹೆಸರಿಗೆ ವೀಲ್‌ಚೇರ್ ಕೋರಿಕೆ ಹಾಕುತ್ತಾರೆ. ಊರಿನಲ್ಲಿ ದಿನಾ ದೇವಸ್ಥಾನದ ಮೆಟ್ಟಿಲು ಹತ್ತುವವರು, ತೋಟಕ್ಕೆ ನಡೆದೇ ಹೋಗಿಬರುವವರು ಇಲ್ಲಿ ಗಾಲಿಕುರ್ಚಿಯಲ್ಲಿ ಕೂರುತ್ತಾರೆ. ಕುರ್ಚಿ ತಳ್ಳುವವನ ಜೊತೆಗಿದ್ದರೆ ಕೌಂಟರಿನಿಂದ ಗೇಟಿನವರೆಗೆ ದಾರಿ ತಪ್ಪುವುದಿಲ್ಲ, ಪ್ರಶ್ನೆಗಳಿಗೆ ಅವನೇ ಉತ್ತರಿಸುತ್ತಾನೆ ಎಂಬ ಧೈರ್ಯ. ದುಬೈಯಲ್ಲೋ ದೋಹಾದಲ್ಲೋ ಫ್ರಾಂಕ್‌ಫರ್ಟ್‌ನಲ್ಲೋ ವಿಮಾನ ಬದಲಾಯಿಸುವಾಗಲೂ ಅದೇ ಕುರ್ಚಿ ಕಾಯುತ್ತದೆ. ನನಗೆ ಗೊತ್ತಿರುವ ಹತ್ತಾರು ಮನೆಗಳಲ್ಲಿ ಹೀಗೆಯೇ ನಡೆದಿದೆ. ಇದನ್ನು ದುರುಪಯೋಗ ಎಂದು ಕರೆಯುವವರಿದ್ದಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಬೇರೆ ನೆರವೇ ಇಲ್ಲದ ಕಡೆ ಇರುವ ಒಂದೇ ನೆರವನ್ನು ಜನ ಹಿಡಿದುಕೊಳ್ಳುತ್ತಾರೆ.

ಆದರೆ ಇದರ ಪೆಟ್ಟು ಯಾರಿಗೆ ಬೀಳುತ್ತಿದೆ ಎಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಒಂದು ವಿಮಾನಯಾನ ಸಂಸ್ಥೆಯ ಕೌಂಟರಿನ ಪಕ್ಕ, ಗೋಡೆಗೆ ತಾಗಿಸಿ ಹತ್ತಿಪ್ಪತ್ತು ಹಿರಿಯರನ್ನು ಸಾಲಾಗಿ ಕೂರಿಸಿದ್ದರು. ಸಂಸ್ಥೆಯ ಹೆಸರು ಹೇಳುವುದಿಲ್ಲ. ದೂರು ಒಬ್ಬರ ಮೇಲಲ್ಲ. ಕುರ್ಚಿ ತಳ್ಳುವ ಹುಡುಗರು ಮೂರ್ನಾಲ್ಕು ಮಂದಿ. ಒಬ್ಬೊಬ್ಬ ಹುಡುಗ ಎರಡೆರಡು ಕುರ್ಚಿಗಳನ್ನು ಒಟ್ಟಿಗೆ, ಒಂದು ಕೈಗೆ ಒಂದರಂತೆ ತಳ್ಳಿಕೊಂಡು ಓಡುತ್ತಿದ್ದ. ಆ ಸಾಲಿನ ಕೊನೆಯಲ್ಲಿ ಪಾರ್ಶ್ವವಾಯುವಿನಿಂದ ಬಲಗಾಲು ಎತ್ತಲಾಗದ ಹಿರಿಯರೊಬ್ಬರಿದ್ದರು. ಅವರಿಗೆ ಶೌಚಾಲಯಕ್ಕೆ ಹೋಗಬೇಕಾಗಿತ್ತು. ಕೇಳಿದಾಗಲೆಲ್ಲ ಸಿಕ್ಕ ಉತ್ತರ ಐದು ನಿಮಿಷ ಎಂಬುದು. ಅವರ ಪಕ್ಕದಲ್ಲಿದ್ದ ಇಬ್ಬರು ಹೆಂಗಸರು ಚೆನ್ನಾಗಿ ನಡೆಯಬಲ್ಲವರು. ದಾರಿ ಗೊತ್ತಿಲ್ಲದೆ ಕೂತವರು. ನಿಜವಾಗಿ ಕುರ್ಚಿ ಬೇಕಾದವರಿಗೂ ದಾರಿ ಹೇಳುವವರು ಬೇಕಾದವರಿಗೂ ನಮ್ಮ ವ್ಯವಸ್ಥೆ ಒಂದೇ ಸಾಲು ಮಾಡಿಟ್ಟಿದೆ, ಎರಡೂ ಕಡೆಯವರಿಗೆ ಅನ್ಯಾಯವಾಗುತ್ತಿದೆ.

2024ರ ಫೆಬ್ರುವರಿಯಲ್ಲಿ ಮುಂಬಯಿ ವಿಮಾನ ನಿಲ್ದಾಣದಲ್ಲಿ ನಡೆದದ್ದನ್ನು ತಾವು ಮರೆತಿರಲಾರಿರಿ. ಅಮೆರಿಕದಿಂದ ಬಂದಿಳಿದ ವೃದ್ಧ ದಂಪತಿ ವೀಲ್‌ಚೇರ್ ಕಾದಿರಿಸಿದ್ದರು. ಸಿಕ್ಕಿದ್ದು ಒಂದೇ. ಎಂಬತ್ತು ವರ್ಷದ ಗಂಡ ಹೆಂಡತಿಯನ್ನು ಅದರಲ್ಲಿ ಕೂರಿಸಿ ತಾನು ನಡೆದುಕೊಂಡೇ ವಲಸೆ ತಪಾಸಣೆಯ ಕಡೆಗೆ ಬಂದರು, ಕುಸಿದು ಬಿದ್ದರು, ಉಳಿಯಲಿಲ್ಲ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಸಂಬಂಧಪಟ್ಟ ಸಂಸ್ಥೆಗೆ 30 ಲಕ್ಷ ರೂಪಾಯಿ ದಂಡ ಹಾಕಿತು. ದಂಡ ಹಾಕಿದ್ದು ಸರಿ. ಕುರ್ಚಿಗಳ ಸಂಖ್ಯೆ ಹೆಚ್ಚಿಸಿ ಎಂದು ಹೇಳಿದ್ದೂ ಸರಿ. ಕುರ್ಚಿಗೆ ಇಷ್ಟು ಬೇಡಿಕೆ ಯಾಕೆ ಬರುತ್ತಿದೆ ಎಂದು ಕೇಳುವುದೂ ಅಷ್ಟೇ ಅಗತ್ಯವಿತ್ತು.

ಈ ಬೇಡಿಕೆಯನ್ನು ಬೇರ್ಪಡಿಸಲು ಹೊಸದೇನನ್ನೂ ಕಂಡುಹಿಡಿಯಬೇಕಿಲ್ಲ. ವಿಮಾನಯಾನ ಸಂಸ್ಥೆಗಳು ಬಳಸುವ ಅಂತರರಾಷ್ಟ್ರೀಯ ಸಂಕೇತಗಳಲ್ಲಿ ವೀಲ್‌ಚೇರಿಗೇ ಮೂರು ಬಗೆಗಳಿವೆ: ದೂರ ನಡೆಯಲಾಗದವರಿಗೆ ಒಂದು, ಮೆಟ್ಟಿಲು ಹತ್ತಲಾಗದವರಿಗೆ ಇನ್ನೊಂದು, ಆಸನದವರೆಗೂ ಎತ್ತಿಕೊಂಡೇ ಹೋಗಬೇಕಾದವರಿಗೆ ಮತ್ತೊಂದು. ಇವುಗಳ ಜೊತೆಗೆ ಎಂಎಎಎಸ್ ಎಂಬ ಸಂಕೇತವೂ ಇದೆ. ಪ್ರಯಾಣಿಕರನ್ನು ಎದುರುಗೊಂಡು ಜೊತೆಗಿದ್ದು ನೆರವಾಗಬೇಕು ಎಂಬುದು ಅದರ ಅರ್ಥ. ನಮ್ಮ ತಾಯಂದಿರಿಗೆ ಬೇಕಾದದ್ದು ಇದೇ. ಈ ಬಗೆಯ ಸೇವೆ ದೊಡ್ಡ ನಿಲ್ದಾಣಗಳಲ್ಲಿ ಹಣ ಕೊಟ್ಟವರಿಗೆ ಸಿಗುತ್ತದೆ. ಕೊಡಲಾಗದವರಿಗೆ, ಅಂಥದ್ದೊಂದು ಇದೆಯೆಂದೇ ತಿಳಿಯದವರಿಗೆ ಸಿಗುವುದಿಲ್ಲ.

ಇನ್ನೊಂದು ಘಟನೆಯನ್ನೂ ತಮ್ಮ ಗಮನಕ್ಕೆ ತರಬೇಕು. ನಾನು ಚೆಕ್‌ಇನ್ ಸಾಲಿನಲ್ಲಿ ನಿಂತಿದ್ದಾಗ, ಆಗಷ್ಟೇ ಪೆಟ್ಟಿಗೆ ಒಪ್ಪಿಸಿ ಹೋಗಿದ್ದ ತಾಯಿಯೊಬ್ಬರನ್ನು ವಾಪಸ್ ಕರೆಸಿದರು. ನೆಲದ ಮೇಲೆ ಪೆಟ್ಟಿಗೆ ತೆರೆಸಿದರು. ಮೇಲೆ ಹೊಸ ಬಟ್ಟೆ, ಮಗುವಿನ ಕುಲಾವಿ. ಕೆಳಗೆ ಹಳೆಯ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿದ ಒಣಕೊಬ್ಬರಿ ಗಿಟುಕುಗಳು, ಉತ್ತುತ್ತೆ, ಅಂಟು, ಗಸಗಸೆಯ ಪೊಟ್ಟಣ. ಬಾಣಂತಿ ಮಗಳಿಗೆ ಅಂಟಿನುಂಡೆ ಮಾಡಿಕೊಡಲು ತೆಗೆದುಕೊಂಡು ಹೊರಟಿದ್ದರು. ಸಿಬ್ಬಂದಿ ಕೊಬ್ಬರಿಯನ್ನು ತೆಗೆದು ಪಕ್ಕಕ್ಕಿಟ್ಟು ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಏನೋ ಹೇಳಿದರು. ಆ ತಾಯಿ ಕಳ್ಳಸಾಗಣೆಯ ಆರೋಪ ಬಂದಿತೇನೋ ಎಂಬಂತೆ ಕೈಮುಗಿದು, ನಮ್ಮ ತೋಟದ್ದೇ ಸ್ವಾಮಿ, ಕೊಂಡದ್ದಲ್ಲ ಎಂದು ಕನ್ನಡದಲ್ಲಿ ಹೇಳುತ್ತಲೇ ಇದ್ದರು. ಸಾಲಿನಲ್ಲಿದ್ದ ನಾವೊಂದಿಬ್ಬರು ನಡುವೆ ಹೋಗಿ ವಿವರಿಸುವವರೆಗೆ ಅವರ ಕೈ ಇಳಿಯಲಿಲ್ಲ.

ನಿಯಮ ತಪ್ಪೆಂದು ನಾನು ಹೇಳುತ್ತಿಲ್ಲ. ಒಣಕೊಬ್ಬರಿಯಲ್ಲಿ ಎಣ್ಣೆಯಂಶ ಹೆಚ್ಚು. ಒತ್ತಾಗಿ ತುಂಬಿದ ಕಡೆ ತಾನೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ಸರಕುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದು ಇದೆ. 2022ರಲ್ಲಿ ನಮ್ಮಲ್ಲಿಯೂ ಅದನ್ನು ನಿಷೇಧಿತ ವಸ್ತುಗಳ ಪಟ್ಟಿಗೆ ಸೇರಿಸಿದರು. ವಿಮಾನದ ಹೊಟ್ಟೆಯಲ್ಲಿ ಬೆಂಕಿ ಕಾಣಿಸಿಕೊಳ್ಳುವುದು ಯಾರಿಗೂ ಬೇಡ. ಗಸಗಸೆಯ ವಿಷಯ ಇನ್ನೂ ಗಂಭೀರ. ಯುಎಇ, ಸೌದಿ ಅರೇಬಿಯಾದಂಥ ದೇಶಗಳಲ್ಲಿ ಅದು ಕಾನೂನಿನ ಕಣ್ಣಿಗೆ ಮಾದಕ ವಸ್ತುವಿನ ಸಾಲಿಗೆ ಸೇರುತ್ತದೆ. ನಮ್ಮ ಅಡುಗೆಮನೆಯ ಡಬ್ಬಿಯಲ್ಲಿ ಇರುವ ಒಂದು ಹಿಡಿ ಕಾಳು ಅಲ್ಲಿ ಒಬ್ಬರನ್ನು ಜೈಲಿಗೆ ಕಳುಹಿಸಬಹುದು. ಇಷ್ಟು ದೊಡ್ಡ ವಿಷಯವನ್ನು ಆ ತಾಯಿಗೆ ಮನೆಯಲ್ಲಿ ಪೆಟ್ಟಿಗೆ ಕಟ್ಟುವ ಮುಂಚೆಯೇ, ಅವರಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕಿತ್ತಲ್ಲವೇ? ದೇಶದ ಕೊಬ್ಬರಿ ಮಾರುಕಟ್ಟೆಗಳಲ್ಲಿ ದೊಡ್ಡ ಹೆಸರು ತಿಪಟೂರಿನದು. ಆ ಸೀಮೆಯ ಜನ ಹೊರಡುವ ನಿಲ್ದಾಣ ಬೆಂಗಳೂರಿನದು. ಕೊಬ್ಬರಿ ಒಯ್ಯಬೇಡಿ ಎಂಬ ಸೂಚನೆ ಕನ್ನಡದಲ್ಲಿ ಮನೆಮನೆಗೆ ತಲುಪಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಮನಸ್ಸು ಮಾಡಿದರೆ ಸರ್ಕಾರ ಇಂಥದ್ದನ್ನು ಸರಿಪಡಿಸಬಲ್ಲದು ಎಂಬುದಕ್ಕೆ ಒಂದು ಒಳ್ಳೆಯ ನಿದರ್ಶನವಿದೆ. 2017ರ ಜುಲೈ 1ರವರೆಗೆ ವಿದೇಶಕ್ಕೆ ಹೊರಡುವ ಪ್ರತಿಯೊಬ್ಬ ಭಾರತೀಯನೂ ನಿರ್ಗಮನ ಚೀಟಿಯೊಂದನ್ನು ತುಂಬಿಕೊಡಬೇಕಾಗಿತ್ತು. ವಯಸ್ಸಾದವರು ಆ ಚೀಟಿಯನ್ನೂ ಪಾಸ್‌ಪೋರ್ಟನ್ನೂ ಹಿಡಿದು, ಪೆನ್ನಿರುವ ಅಪರಿಚಿತರ ಮುಂದೆ ನಿಂತು ಬರೆದುಕೊಡಿ ಎಂದು ಬೇಡುವುದು ಆಗಿನ ಸಾಮಾನ್ಯ ನೋಟ. ಸರ್ಕಾರ ಒಂದು ಆದೇಶದಿಂದ ಅದನ್ನು ತೆಗೆದುಹಾಕಿತು. ಅಂದಿನಿಂದ ಎಷ್ಟು ಜನರ ಮುಜುಗರ ತಪ್ಪಿದೆಯೋ ಲೆಕ್ಕವಿಲ್ಲ. ಆದರೆ ಆಮೇಲೆ ಬಂದ ಸೌಲಭ್ಯಗಳು ಹೆಚ್ಚಾಗಿ ಆಗಲೇ ದಾರಿ ಬಲ್ಲವರಿಗೆ ಬಂದವು. 2022ರ ಡಿಸೆಂಬರ್‌ನಲ್ಲಿ ದೆಹಲಿ, ವಾರಾಣಸಿಗಳ ಜೊತೆಗೆ ಬೆಂಗಳೂರಿನಲ್ಲಿ ಮುಖ ಗುರುತಿಸಿ ಒಳಗೆ ಬಿಡುವ ಡಿಜಿಯಾತ್ರಾ ಶುರುವಾಯಿತು. 2025ರ ಜನವರಿಯಲ್ಲಿ ವಿಶ್ವಾಸಾರ್ಹ ಪ್ರಯಾಣಿಕರಿಗೆ ಶೀಘ್ರ ವಲಸೆ ತಪಾಸಣೆಯ ಯೋಜನೆ ಇಲ್ಲಿಗೂ ಬಂತು. ಅವೂ ಬೇಕು. ಪದೇ ಪದೇ ಓಡಾಡುವವರ ಹತ್ತು ನಿಮಿಷ ಉಳಿಸಲು ಇಷ್ಟೆಲ್ಲ ಯೋಚನೆ ಮಾಡಿದ ಸರ್ಕಾರ, ಒಮ್ಮೆ ಮಾತ್ರ ಬರುವವರ ಭಯ ಕಳೆಯಲು ಒಂದಿಷ್ಟು ಯೋಚಿಸಲಿ ಎಂಬುದು ನನ್ನ ಬೇಡಿಕೆ.

ಆದ್ದರಿಂದ ಮೊದಲನೆಯದಾಗಿ ಕೇಳಿಕೊಳ್ಳುವುದು: ಮೊದಲ ಬಾರಿ ವಿದೇಶಕ್ಕೆ ಹೊರಡುವ ಅರವತ್ತು ವರ್ಷ ದಾಟಿದವರಿಗೆ ಟಿಕೆಟ್ ಕಾದಿರಿಸುವಾಗಲೇ ವೀಲ್‌ಚೇರ್ ಬೇಕೋ, ಜೊತೆಗೆ ನಡೆದು ದಾರಿ ತೋರುವವರು ಬೇಕೋ ಎಂದು ಕೇಳುವುದನ್ನು ಮಹಾನಿರ್ದೇಶನಾಲಯದ ನಿಯಮದಲ್ಲಿ ಕಡ್ಡಾಯ ಮಾಡಿ. ಅಂಗವಿಕಲರು ಮತ್ತು ಚಲನೆಗೆ ತೊಂದರೆಯಿರುವವರ ಸಾಗಣೆಯ ಬಗ್ಗೆ ಈಗಾಗಲೇ ನಿಯಮಾವಳಿ ಇದೆ. ನೆರವು ಬೇಕಾದವರು 48 ಗಂಟೆ ಮುಂಚೆ ತಿಳಿಸಬೇಕೆಂದೂ ಅದರಲ್ಲಿದೆ. ಅದೇ ನಿಯಮಾವಳಿಗೆ ಇದನ್ನು ಸೇರಿಸಿದರೆ ಸಾಕು. ದಾರಿ ತೋರುವವರು ಬೆಂಗಳೂರಿನಲ್ಲಿ ಕನ್ನಡ ಬಲ್ಲವರೇ ಆಗಿರಬೇಕು. ಒಬ್ಬ ಕನ್ನಡತಿ ಹತ್ತು ಜನ ಹಿರಿಯರ ಗುಂಪನ್ನು ಕೌಂಟರಿನಿಂದ ಗೇಟಿನವರೆಗೆ ಆರಾಮವಾಗಿ ಕರೆದೊಯ್ಯಬಲ್ಲಳು. ಹತ್ತು ಕುರ್ಚಿ ತಳ್ಳಲು ಹತ್ತು ಜನ ಬೇಕು. ಖರ್ಚಿನ ಮಾತಿಗೆ ಬಂದರೆ, ಪ್ರತಿ ಪ್ರಯಾಣಿಕನ ಟಿಕೆಟ್ಟಿನಲ್ಲೂ ಬಳಕೆದಾರರ ಅಭಿವೃದ್ಧಿ ಶುಲ್ಕ ಸೇರಿರುತ್ತದೆ. ಅದನ್ನು ನಿಗದಿ ಮಾಡುವುದು ವಿಮಾನ ನಿಲ್ದಾಣಗಳ ಆರ್ಥಿಕ ನಿಯಂತ್ರಣ ಪ್ರಾಧಿಕಾರ. ಹೆಬ್ಬೆಟ್ಟಿನ ಗುರುತು ಹಾಕುವ ಅಜ್ಜಿಯೂ ವರ್ಷಕ್ಕೆ ನೂರು ಸಲ ಹಾರುವ ಅಧಿಕಾರಿಯಷ್ಟೇ ಶುಲ್ಕ ಕಟ್ಟಿರುತ್ತಾಳೆ. ಈ ಸೇವೆಯ ವೆಚ್ಚವನ್ನು ಆ ಶುಲ್ಕದಿಂದಲೇ ಭರಿಸಬೇಕು.

ಮನೆಯವರಲ್ಲಿ ಒಬ್ಬರನ್ನಾದರೂ ಒಳಗೆ ಬಿಡುವ ದಾರಿಯನ್ನೂ ಯೋಚಿಸಿ. ಅಮೆರಿಕದಲ್ಲಿ ಅಂಗವಿಕಲರನ್ನೋ ಒಂಟಿ ಮಕ್ಕಳನ್ನೋ ಬಿಡಲು ಬಂದವರಿಗೆ ವಿಮಾನಯಾನ ಸಂಸ್ಥೆಗಳು ಗುರುತು ಪರಿಶೀಲಿಸಿ ಎಸ್ಕಾರ್ಟ್ ಪಾಸ್ ಕೊಡುತ್ತವೆ. ಅಂಥವರು ಭದ್ರತಾ ತಪಾಸಣೆ ಮುಗಿಸಿ ಗೇಟಿನವರೆಗೂ ಹೋಗಬಹುದು. ನಾವು ಅಷ್ಟನ್ನು ಕೇಳುತ್ತಿಲ್ಲ. ಆಧಾರ್ ನೋಡಿ, ಹೆಸರು ಬರೆದುಕೊಂಡು, ಚೆಕ್‌ಇನ್ ಕೌಂಟರಿನವರೆಗೆ ಒಬ್ಬರಿಗೆ ಅವಕಾಶ ಕೊಡಿ. ಭದ್ರತಾ ಸಂಸ್ಥೆಗಳು ಕಟ್ಟೆಚ್ಚರ ಘೋಷಿಸಿದ ದಿನಗಳಲ್ಲಿ ಅದನ್ನು ನಿಲ್ಲಿಸಿದರೆ ಯಾರೂ ಬೇಸರಿಸುವುದಿಲ್ಲ.

ಕನ್ನಡದ ಮಾಹಿತಿಯ ವಿಚಾರದಲ್ಲಿ ಹೆಚ್ಚು ಹೇಳಬೇಕಿಲ್ಲ. ನಿಲ್ದಾಣಗಳಲ್ಲಿ ಪ್ರಕಟಣೆ ಮೊದಲು ಸ್ಥಳೀಯ ಭಾಷೆಯಲ್ಲಿ, ಆಮೇಲೆ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಇರಬೇಕೆಂದು 2018ರ ಡಿಸೆಂಬರ್‌ನಲ್ಲೇ ಸೂಚನೆ ಹೊರಟಿತ್ತು. ಅದರ ಆಶಯ ಪ್ರಕಟಣೆಗೆ ಮುಗಿಯಬಾರದು. ಏನನ್ನು ಒಯ್ಯಬಾರದು, ಪವರ್ ಬ್ಯಾಂಕ್ ಯಾಕೆ ಕೈಚೀಲದಲ್ಲೇ ಇರಬೇಕು, ಮಾತ್ರೆಗಳಿಗೆ ವೈದ್ಯರ ಚೀಟಿ ಯಾಕೆ ಬೇಕು, ವಲಸೆ ಅಧಿಕಾರಿ ಏನು ಕೇಳಬಹುದು ಎಂಬುದೆಲ್ಲ ಒಂದೇ ಹಾಳೆಯಲ್ಲಿ, ದೊಡ್ಡ ಅಕ್ಷರದಲ್ಲಿ, ಚಿತ್ರಸಹಿತ ಕನ್ನಡದಲ್ಲಿ ಬರಲಿ. ಟಿಕೆಟ್ಟಿನ ಜೊತೆಗೆ ಅದು ಮೊಬೈಲಿಗೆ ತಲುಪಲಿ, ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲಿ, ಅಂಚೆ ಕಚೇರಿಗಳಲ್ಲಿ ಸಿಗಲಿ. ತಮ್ಮ ಸಚಿವಾಲಯ 2016ರಲ್ಲಿ ಆರಂಭಿಸಿದ ಏರ್‌ಸೇವಾ ಎಂಬ ದೂರು ತಾಣದಲ್ಲಿ ಕನ್ನಡದಲ್ಲೇ ದೂರು ಬರೆದು ಕನ್ನಡದಲ್ಲೇ ಉತ್ತರ ಪಡೆಯುವಂತಾಗಲಿ.

ಇನ್ನು ಮುಖ್ಯಮಂತ್ರಿಗಳಲ್ಲಿ ಎರಡು ಮಾತು. ಈ ನಿಲ್ದಾಣಕ್ಕೆ ಸುಮಾರು ನಾಲ್ಕು ಸಾವಿರ ಎಕರೆ ನೆಲ ಒದಗಿಸಿದ್ದು ಕರ್ನಾಟಕ. ನಿಲ್ದಾಣದ ಕಂಪನಿಯಲ್ಲಿ ರಾಜ್ಯದ ಉದ್ಯಮದ ಮೂಲಕ ಶೇ 13ರಷ್ಟು ಪಾಲು ನಮ್ಮದಿದೆ. ಆ ಪಾಲಿನ ಬಲದ ಮೇಲೆ ಹೊರಗಿನ ಆವರಣದಲ್ಲಿ ಕಳುಹಿಸಲು ಬಂದವರಿಗೆ ಒಂದು ತಂಗುಕೋಣೆ ಕೇಳಿ. ಊರಿನಿಂದ ಸಂಜೆಯೇ ಹೊರಟು ಬಂದು, ಒಳಗೆ ಹೋದವರು ವಲಸೆ ತಪಾಸಣೆ ದಾಟಿದರು ಎಂಬ ಫೋನು ಬರುವವರೆಗೆ ಕದಲದ ಜನ ಅವರು. ಬೆಂಚು, ಕುಡಿಯುವ ನೀರು, ಶೌಚಾಲಯ, ಮಿತ ಬೆಲೆಯ ಊಟ ಇದ್ದರೆ ಸಾಕು. ಕೋಲ್ಕತ್ತ ನಿಲ್ದಾಣದಲ್ಲಿ 2024ರ ಡಿಸೆಂಬರ್‌ನಲ್ಲಿ ಶುರುವಾದ ಉಡಾನ್ ಯಾತ್ರಿ ಕೆಫೆಯಲ್ಲಿ ಹತ್ತು ರೂಪಾಯಿಗೆ ಚಹಾ, ಹತ್ತು ರೂಪಾಯಿಗೆ ನೀರಿನ ಬಾಟಲಿ ಕೊಟ್ಟರು. ನಂತರ ಚೆನ್ನೈಗೂ ಅದು ಬಂತು. ಖಾಸಗಿ ಸಹಭಾಗಿತ್ವದ ನಿಲ್ದಾಣಗಳಲ್ಲೂ ಅದು ಕಡ್ಡಾಯವಾಗಬೇಕೆಂದು ಕೇಂದ್ರವನ್ನು ಒತ್ತಾಯಿಸಿ.

ಬಂದು ಸೇರುವ ದಾರಿಯೂ ಸುಗಮವಾಗಬೇಕು. ವಿಮಾನ ನಿಲ್ದಾಣದವರೆಗಿನ ಮೆಟ್ರೊ ನೀಲಿ ಮಾರ್ಗಕ್ಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2021ರಲ್ಲಿ. ಅದೇ ವರ್ಷ ಜನವರಿಯಲ್ಲಿ ಆರಂಭವಾದ ವಿಮಾನ ನಿಲ್ದಾಣದ ರೈಲು ತಂಗುದಾಣದಲ್ಲಿ ನಿಲ್ಲುವ ರೈಲುಗಳು ಬೆರಳೆಣಿಕೆಯಷ್ಟು. ನಗರದೊಳಗಿನವರಿಗೆ ವಾಯುವಜ್ರ ಬಸ್ಸುಗಳು ನಿಜಕ್ಕೂ ಆಸರೆಯಾಗಿವೆ. ಆ ಚಾಲಕ, ನಿರ್ವಾಹಕರಿಗೆ ಕೃತಜ್ಞತೆ ಸಲ್ಲಬೇಕು. ಮೈಸೂರು, ಮಡಿಕೇರಿಗಳಿಗೆ ಕೆಎಸ್‌ಆರ್‌ಟಿಸಿ ಓಡಿಸುವ ಫ್ಲೈಬಸ್ಸಿನಂಥ ಸೇವೆ ಎಲ್ಲ ಜಿಲ್ಲಾ ಕೇಂದ್ರಗಳಿಗೂ ಬರಬೇಕು. ಎರಡು ದೊಡ್ಡ ಪೆಟ್ಟಿಗೆ ಹಿಡಿದು ಮೆಜೆಸ್ಟಿಕ್‌ನಲ್ಲಿ ಇಳಿದು ಇನ್ನೊಂದು ಬಸ್ಸು ಹುಡುಕುವುದು ಎಪ್ಪತ್ತರ ವಯಸ್ಸಿನಲ್ಲಿ ಆಗುವ ಕೆಲಸವಲ್ಲ.

ಸೇವೆಯ ಗುಣಮಟ್ಟ ಅಳೆಯುವ ಬಗೆಯ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. ಜಗತ್ತಿನ ನಿಲ್ದಾಣಗಳನ್ನು ಹೋಲಿಸುವ ಎಎಸ್‌ಕ್ಯು ಸಮೀಕ್ಷೆಯಲ್ಲಿ ನಿರ್ಗಮನದ ಪ್ರಶ್ನೆಗಳನ್ನು ವಿಮಾನ ಹತ್ತಲು ಗೇಟಿನ ಬಳಿ ಕಾದಿರುವವರಿಗೆ ಕೇಳುತ್ತಾರೆ. ಎಲ್ಲವನ್ನೂ ದಾಟಿ, ಆರಾಮವಾಗಿ ಕುಳಿತು ಪ್ರಶ್ನೆ ಓದಬಲ್ಲವರ ಉತ್ತರವೇ ಹೆಚ್ಚಾಗಿ ಅಲ್ಲಿ ದಾಖಲಾಗುತ್ತದೆ. ಗೋಡೆಯ ಪಕ್ಕದ ಗಾಲಿಕುರ್ಚಿಯಲ್ಲಿ ಕಾಯುತ್ತಿರುವವರನ್ನು, ಪೆಟ್ಟಿಗೆ ಬಿಚ್ಚಿಸಿಕೊಂಡು ನಿಂತ ತಾಯಿಯನ್ನು ಕನ್ನಡದಲ್ಲಿ ಮಾತನಾಡಿಸಿ ಅಭಿಪ್ರಾಯ ಕೇಳುವ ಪ್ರತ್ಯೇಕ ಸಮೀಕ್ಷೆಯೊಂದನ್ನು ವರ್ಷಕ್ಕೊಮ್ಮೆ ಮಾಡಿಸಿ, ಫಲಿತಾಂಶವನ್ನು ಸಾರ್ವಜನಿಕರ ಮುಂದಿಡಿ. ವೀಲ್‌ಚೇರ್ ಕೋರಿದವರು ಎಷ್ಟು, ಸಿಕ್ಕಿದ್ದು ಎಷ್ಟು ಜನರಿಗೆ, ಕಾದದ್ದು ಎಷ್ಟು ಹೊತ್ತು ಎಂಬ ಲೆಕ್ಕವೂ ತಿಂಗಳಿಗೊಮ್ಮೆ ಪ್ರಕಟವಾಗಲಿ.

ಇಡೀ ದೇಶಕ್ಕೆ ಒಮ್ಮೆಲೇ ಮಾಡಲಾಗದಿದ್ದರೆ ಬೆಂಗಳೂರಿನ ಎರಡನೇ ಟರ್ಮಿನಲ್‌ನಿಂದಲೇ ಪ್ರಾಯೋಗಿಕವಾಗಿ ಆರಂಭಿಸಿ. ರಾತ್ರಿ ಹತ್ತರಿಂದ ಬೆಳಗಿನ ನಾಲ್ಕರವರೆಗೆ, ಅಂತರರಾಷ್ಟ್ರೀಯ ನಿರ್ಗಮನದ ಬಾಗಿಲಲ್ಲಿ ಒಂದು ಮೇಜು, ಅದರ ಮೇಲೆ ಕನ್ನಡದ ಫಲಕ, ಕನ್ನಡ ಬಲ್ಲ ನಾಲ್ಕು ಜನ. ಬರುವ ಬೇಸಿಗೆ ರಜೆಯ ದಟ್ಟಣೆಗೆ ಮುಂಚೆ ಇಷ್ಟನ್ನು ಮಾಡಲು ಹೊಸ ಕಟ್ಟಡವಾಗಲಿ, ಟೆಂಡರ್ ಕರೆಯಬೇಕಾದ ಯಂತ್ರವಾಗಲಿ ಬೇಕಿಲ್ಲ. ಈ ಪತ್ರಕ್ಕೆ ತಮ್ಮ ಇಲಾಖೆಯಿಂದ ಬರುವ ಉತ್ತರ ಕನ್ನಡದಲ್ಲಿದ್ದು, ಮೊದಲ ಮೇಜು ಯಾವ ದಿನಾಂಕದಿಂದ ಕೆಲಸ ಆರಂಭಿಸುತ್ತದೆ ಎಂಬುದನ್ನು ತಿಳಿಸಲಿ ಎಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ತುಮಕೂರು ಜಿಲ್ಲೆಯ ಒಬ್ಬ ನಾಗರಿಕ